ಮಳೆಗಾಲಕ್ಕೆ ಹ್ಯಾಂಗ್ ಆಗುವ ಕಂಪ್ಯೂಟರ್: ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿಸುವ ಮೊದಲು

ಪ್ರಶ್ನೆ: ನಮ್ಮದು ಶಿರಸಿಯಿಂದ ಸ್ವಲ್ಪ ಒಳಗಿನ ಹಳ್ಳಿ. ಮನೆಯಲ್ಲಿ 2016ರಲ್ಲಿ ಜೋಡಿಸಿ ತಂದ ಕಂಪ್ಯೂಟರ್ ಇದೆ. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಮಳೆ ಹಿಡಿದ ಮೇಲೆ ಹ್ಯಾಂಗ್ ಆಗಲು ಶುರುವಾಯಿತು. ಆನ್ ಮಾಡಿ ಅರ್ಧ ಗಂಟೆ ಚೆನ್ನಾಗಿರುತ್ತದೆ. ಆಮೇಲೆ ಕೆಲವು ಸಲ ಮೌಸ್ ಓಡಾಡುತ್ತದೆ, ಆದರೆ ಏನು ಒತ್ತಿದರೂ ತೆರೆಯುವುದಿಲ್ಲ. ಕೆಲವು ಸಲ ಮೌಸ್ ಕೂಡ ಕಲ್ಲಾಗಿಬಿಡುತ್ತದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿ ಕೊಟ್ಟರು. ಎಂಟು ದಿನ ಸರಿ ಇತ್ತು, ಮತ್ತೆ ಅದೇ ಕತೆ. ಈಗ ಮದರ್‌ಬೋರ್ಡ್ ಹೋಗಿದೆ, ಹೊಸದೇ ತೆಗೆದುಕೊಳ್ಳಿ ಎನ್ನುತ್ತಾರೆ. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಯಾವುದೋ ಹಳೆಯ ವರ್ಷ ತೋರಿಸುತ್ತದೆ. ದೇವಸ್ಥಾನದ ಲೆಕ್ಕ, ಅಡಿಕೆ ಲೆಕ್ಕ, ಮಗಳ ಮದುವೆ ಫೋಟೋ ಎಲ್ಲ ಅದರಲ್ಲೇ ಇದೆ. ಏನು ಮಾಡಲಿ?

ಉತ್ತರ: ಇದನ್ನು ಓದಿ ಮುಗಿಸುವ ತನಕ ಆ ಕಂಪ್ಯೂಟರ್ ಆನ್ ಮಾಡಬೇಡಿ. ಆಮೇಲೆ ಆನ್ ಮಾಡಿದಾಗ ಸಿಗುವ ಮೊದಲ ಅರ್ಧ ಗಂಟೆಯನ್ನು ಲೆಕ್ಕ ಮತ್ತು ಫೋಟೋಗಳನ್ನು ಹೊರಗೆ ತೆಗೆಯುವುದಕ್ಕೆ ಮಾತ್ರ ಬಳಸಿ. ಇವತ್ತು ಅರ್ಧ ಗಂಟೆ ಸಿಗುತ್ತಿದೆ. ನಾಳೆ ಅದು ಹತ್ತು ನಿಮಿಷ ಆಗಬಹುದು.

ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಮೌಸ್ ಓಡಾಡುತ್ತದೆ, ಏನೂ ತೆರೆಯುವುದಿಲ್ಲ ಎಂದು ಬರೆದಿದ್ದೀರಲ್ಲ, ಹಾರ್ಡ್ ಡಿಸ್ಕ್ ಸೋಲುತ್ತಿರುವಾಗ ಹೀಗೇ ಆಗುವುದು ಜಾಸ್ತಿ. ಫಾರ್ಮ್ಯಾಟ್ ಆದ ಮೇಲೂ ಫೋಟೋಗಳು ಉಳಿದಿವೆ ಎಂದರೆ ಅವು ಡಿ ಡ್ರೈವ್‌ನಲ್ಲಿ ಇರಬೇಕು. ಡಿ ಡ್ರೈವ್‌ನಲ್ಲಿದೆ, ಹಾಗಾಗಿ ಭಯ ಇಲ್ಲ ಎಂದು ಎಷ್ಟೋ ಜನ ಹೇಳುತ್ತಾರೆ. ಆದರೆ ನಿಮ್ಮ ಸಿ ಮತ್ತು ಡಿ ಎರಡು ಡಿಸ್ಕ್ ಅಲ್ಲ. ಒಂದೇ ಮನೆಯ ಎರಡು ಕೋಣೆ. ಮಾಡು ಕುಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಕಾಪಿ ಮಾಡುವಾಗ ಇಡೀ ಡಿ ಡ್ರೈವ್ ಆರಿಸಿ ಒಮ್ಮೆಗೇ ಎಳೆಯಬೇಡಿ. ಒಂದು ಕೆಟ್ಟ ಫೈಲ್ ಸಿಕ್ಕಿದರೆ ಇಡೀ ಕೆಲಸ ಅಲ್ಲೇ ನಿಲ್ಲುತ್ತದೆ. ಚಿಕ್ಕದು, ಮತ್ತೆ ಸಿಗದೇ ಇರುವಂಥದ್ದು ಮೊದಲು. ಎಂದರೆ ದೇವಸ್ಥಾನದ ಲೆಕ್ಕ, ಅಡಿಕೆ ಲೆಕ್ಕ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಬಳಸುತ್ತಿದ್ದರೆ ಅದರ ಒಳಗೇ ಬ್ಯಾಕಪ್ ಆಯ್ಕೆ ಇದೆ, ಅದನ್ನು ಪೆನ್ ಡ್ರೈವ್‌ಗೆ ತೆಗೆಯಿರಿ. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಕೂತಿರುತ್ತದೆ, ಡಿ ಮಾತ್ರ ಕಾಪಿ ಮಾಡಿ ಅದನ್ನು ಮರೆಯುವವರು ಬಹಳ. ಆಮೇಲೆ ಫೋಟೋ, ಒಂದೊಂದೇ ಫೋಲ್ಡರ್. ಕೊನೆಗೆ ವಿಡಿಯೋ. ಒಂದು ಫೈಲ್‌ನಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ. ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿ ಮಾತ್ರ.

ಹ್ಯಾಂಗ್ ಆಗಿ ಕಾಪಿ ಮಾಡಲಿಕ್ಕೇ ಬಿಡದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕುವ ದಾರಿ ಇದೆ. ಅದಕ್ಕೆ ಸಾಟಾದಿಂದ (ಡಿಸ್ಕನ್ನು ಬೋರ್ಡಿಗೆ ಸೇರಿಸುವ ಜೋಡಣೆ) ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ನಿಮ್ಮದು ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್, ಹಾಗಾಗಿ ಗೋಡೆಗೆ ಚುಚ್ಚುವ ಪವರ್ ಅಡಾಪ್ಟರ್ ಜೊತೆಗೆ ಬರುವಂಥದ್ದೇ ಬೇಕು. ಲ್ಯಾಪ್‌ಟಾಪ್ ಡಿಸ್ಕಿನ ಚಿಕ್ಕ ಕೇಬಲ್ ಇದನ್ನು ತಿರುಗಿಸುವುದಿಲ್ಲ. ಇನ್ನೊಂದು ದಾರಿ, ಪೆನ್ ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಎಂಬ, ವಿಂಡೋಸಿಗೆ ಬದಲು ಬಳಸುವ ಉಚಿತ ವ್ಯವಸ್ಥೆಯನ್ನು ಬೂಟ್ ಮಾಡಿ, ವಿಂಡೋಸನ್ನು ಎಬ್ಬಿಸದೆ ಫೈಲ್ ಎತ್ತಿಕೊಳ್ಳುವುದು. ಕೆಟ್ಟ ಡಿಸ್ಕಿನಿಂದ ನಾನು ಹೆಚ್ಚಾಗಿ ಹೀಗೇ ತೆಗೆಯುವುದು.

ಡಿಸ್ಕ್ ಮೇಲೆ ಅನುಮಾನ ಇದ್ದಾಗ, ಕಾಪಿ ಆಗುವ ಮೊದಲು, ವಿಂಡೋಸಿನದೇ ಡಿಸ್ಕ್ ತಪಾಸಣೆಯಾದ ಚೆಕ್ ಡಿಸ್ಕ್ ಹಾಕಬೇಡಿ. ಇದನ್ನು ನಾನು ಕಲಿತದ್ದು ಬೇರೆಯವರ ಖರ್ಚಿನಲ್ಲಿ. ಎಷ್ಟೋ ವರ್ಷದ ಹಿಂದೆ ಕುಮಟೆಯಲ್ಲಿ ಒಬ್ಬ ಟೀಚರಮ್ಮ ಇಂಥದ್ದೇ ಕಂಪ್ಯೂಟರ್ ತಂದು ಕೊಟ್ಟರು. ರಾತ್ರಿ ಚೆಕ್ ಡಿಸ್ಕ್ ಹಾಕಿ ಮಲಗಿದೆ. ಅದು ಕೆಟ್ಟ ಜಾಗವನ್ನೇ ಮತ್ತೆ ಮತ್ತೆ ಓದಲು ಹೋಗಿ, ಬೆಳಗಾಗುವಾಗ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ಅವರ ಅಮ್ಮನ ಫೋಟೋಗಳು ಹೋದವು. ಅವರು ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ತಪ್ಪು ನನ್ನದೇ. ಅಲ್ಲಿಂದ ಮೊದಲು ಕಾಪಿ, ಆಮೇಲೆ ರಿಪೇರಿ.

ಸರಿ, ಕಾಪಿ ಆಯಿತು ಎಂದುಕೊಳ್ಳಿ. ಇನ್ನು ಕಾಯಿಲೆ ಹುಡುಕೋಣ.

ಹ್ಯಾಂಗ್ ಆದ ಕೂಡಲೇ ನಾವೆಲ್ಲ ಮಾಡುವುದು ಒಂದೇ ಕೆಲಸ. ಹತ್ತು ಸಲ ಕ್ಲಿಕ್, ಇಪ್ಪತ್ತು ಸಲ ಎಂಟರ್, ಆಮೇಲೆ ಪವರ್ ಬಟನ್. ಹಾಗೆ ಮಾಡಿದರೆ ಸಾಕ್ಷಿಯೇ ಅಳಿಸಿಹೋಗುತ್ತದೆ. ನಿಂತುಹೋದ ಮೇಲಿನ ಎರಡು ನಿಮಿಷ ಬಹಳ ಬೆಲೆಯದ್ದು. ಕೈ ಕಟ್ಟಿ ಕೂತು ನೋಡಿ.

ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ಚಿಕ್ಕ ದೀಪ ಹತ್ತಿ ಆರುತ್ತದೆಯೇ? ಆ ದೀಪವನ್ನು ಹತ್ತಿಸುವುದು ಕೀಬೋರ್ಡ್ ಅಲ್ಲ. ನೀವು ಒತ್ತಿದ್ದು ವಿಂಡೋಸಿಗೆ ಹೋಗಿ, ದೀಪ ಹಚ್ಚು ಎಂದು ಅಲ್ಲಿಂದ ಆಜ್ಞೆ ವಾಪಸ್ ಬರಬೇಕು. ಹಾಗಾಗಿ ದೀಪ ಬದಲಾದರೆ ಒಳಗೆ ಜೀವ ಇದೆ, ಯಾವುದಕ್ಕೋ ಕಾಯುತ್ತಾ ಕೂತಿದೆ ಎಂದು ಅರ್ಥ. ಬದಲಾಗದಿದ್ದರೆ ಮಷಿನ್ನೇ ನಿಂತಿದೆ. ಈ ಒಂದು ದೀಪ ಅರ್ಧ ದಾರಿ ತೋರಿಸಿಬಿಡುತ್ತದೆ.

ಎರಡನೆಯದು, ಡಬ್ಬದ ಮುಂದಿನ ಹಾರ್ಡ್ ಡಿಸ್ಕ್ ದೀಪ. ನಾವೆಲ್ಲ ಸಿಪಿಯು ಎಂದು ಕರೆಯುವ ಡಬ್ಬ, ಅದರ ಪವರ್ ಬಟನ್ ಹತ್ತಿರ ಕೆಂಪೋ ಕಿತ್ತಳೆಯೋ ಬಣ್ಣದ ಚುಕ್ಕಿ ಇರುತ್ತದೆ. ಅದು ಮಿಣುಕದೆ ಒಂದೇ ಸಮನೆ ಉರಿಯುತ್ತಿದ್ದರೆ ವಿಂಡೋಸ್ ಡಿಸ್ಕಿನಿಂದ ಏನನ್ನೋ ಕೇಳಿ ಕಾಯುತ್ತಿದೆ. ಪೂರ್ತಿ ಆರಿ ಕೂತಿದ್ದರೆ ಬೇರೆ ಕತೆ.

ಮೂರನೆಯದು ಕಿವಿ. ಹಾಡು ಹಾಕಿದ್ದಾಗ ಹ್ಯಾಂಗ್ ಆಗಿ, ಒಂದೇ ಚೂರು ಸ್ವರ ಡ್ರ್‌ರ್‌ರ್ ಎಂದು ಸಿಕ್ಕಿಕೊಂಡರೆ ಅದು ಮಷಿನ್ ಸಾಯುವ ರೀತಿ. ಹಾಡು ನೆಟ್ಟಗೆ ಬರುತ್ತಲೇ ಇದೆ, ಪರದೆ ಮಾತ್ರ ಅಲ್ಲಾಡುತ್ತಿಲ್ಲ ಎಂದರೆ ಗ್ರಾಫಿಕ್ಸ್ ಕಡೆ ನೋಡಬೇಕು. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರೂ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮರಳಿ ಶುರುವಾಗುತ್ತದೆ, ಪರದೆ ಒಮ್ಮೆ ಕಪ್ಪಾಗಿ ಬರುತ್ತದೆ, ಒಂದು ಬೀಪ್ ಕೇಳಬಹುದು. ಇದರಿಂದ ನೀವು ತೆರೆದಿಟ್ಟ ಕೆಲಸ ಹೋಗುವುದಿಲ್ಲ.

ಎರಡು ನಿಮಿಷ ಕಳೆದ ಮೇಲೂ ಕ್ಯಾಪ್ಸ್ ದೀಪ ಹತ್ತುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಕಾಯಿರಿ. ಟಾಸ್ಕ್ ಮ್ಯಾನೇಜರ್ ಬರಲು ಐದು ನಿಮಿಷ ತೆಗೆದುಕೊಳ್ಳಬಹುದು, ಬರಲಿ. ಏನೂ ಆಗದಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿಯಿರಿ. ಐದು ಸೆಕೆಂಡ್ ಆಸುಪಾಸಿನಲ್ಲಿ ಆಫ್ ಆಗುತ್ತದೆ. ಗೋಡೆಯ ಸ್ವಿಚ್ ಎಳೆಯುವುದಕ್ಕಿಂತ ಅದು ವಾಸಿ.

ಇದನ್ನೆಲ್ಲ ಒಂದು ಹಳೆಯ ನೋಟ್‌ಬುಕ್‌ನಲ್ಲಿ ಬರೆಯಿರಿ. ದಿನ, ಗಂಟೆ, ದೀಪ ಏನಾಯಿತು, ಕರೆಂಟಿತ್ತೋ ಇನ್ವರ್ಟರೋ. ಐದು ಸಲದ ದಾಖಲೆ ಇದ್ದರೆ ರಿಪೇರಿಯವನ ಅರ್ಧ ದಿನ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ಒಂದಲ್ಲ, ಎರಡು ಕಾಯಿಲೆ. ಮೌಸ್ ಓಡಾಡುವ ಹ್ಯಾಂಗ್ ಬೇರೆ, ಮೌಸ್ ಕಲ್ಲಾಗುವ ಹ್ಯಾಂಗ್ ಬೇರೆ. ಒಂದೇ ಔಷಧ ಹುಡುಕಿದ್ದಕ್ಕೇ ಅಂಗಡಿಯವರು ಸೋತಿರಬಹುದು.

ಮೌಸ್ ಓಡಾಡುವ ಬಗೆ ನೋಡೋಣ. ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಓದುವ ಮುಳ್ಳು ಆಡುತ್ತದೆ. ಒಂದು ಜಾಗ ಕೆಟ್ಟಿದ್ದರೆ ಡಿಸ್ಕ್ ಅಷ್ಟಕ್ಕೇ ಬಿಡುವುದಿಲ್ಲ. ಹತ್ತಾರು ಸೆಕೆಂಡ್ ಅದೇ ಜಾಗವನ್ನು ಓದಲು ಒದ್ದಾಡುತ್ತದೆ. ಅಷ್ಟು ಹೊತ್ತು ವಿಂಡೋಸ್ ಬಾಗಿಲಲ್ಲಿ ನಿಂತಿರುತ್ತದೆ. ಮೌಸಿನ ಬಾಣ ಆಡಿಸಲು ಡಿಸ್ಕ್ ಬೇಡ, ಹಾಗಾಗಿ ಅದು ಓಡಾಡುತ್ತದೆ. ಹೊಸದೇನಾದರೂ ತೆರೆಯಲು ಡಿಸ್ಕ್ ಬೇಕು, ಹಾಗಾಗಿ ತೆರೆಯುವುದಿಲ್ಲ.

ಫಾರ್ಮ್ಯಾಟ್ ಆದ ಮೇಲೆ ಎಂಟು ದಿನ ಸರಿ ಇದ್ದದ್ದೂ ಇದಕ್ಕೆ ಹೊಂದುತ್ತದೆ. ಅಂಗಡಿಗಳಲ್ಲಿ ಮಾಡುವುದು ಸಾಮಾನ್ಯವಾಗಿ ಕ್ವಿಕ್ ಫಾರ್ಮ್ಯಾಟ್. ಅದು ಪುಸ್ತಕದ ಪರಿವಿಡಿ ಹರಿದು ಹೊಸ ಪರಿವಿಡಿ ಅಂಟಿಸಿದ ಹಾಗೆ. ಒಳಗಿನ ಹುಳು ತಿಂದ ಹಾಳೆ ಹಾಗೇ ಇರುತ್ತದೆ. ಅಪ್‌ಡೇಟ್ ಬಂದು, ಫೈಲ್ ತುಂಬಿ, ಆ ಹಾಳೆ ತಲುಪಲು ಎಂಟು ದಿನ ಬೇಕಾಯಿತು, ಅಷ್ಟೆ.

ಪರೀಕ್ಷೆ ಸುಲಭ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಇದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಇದು ಅದನ್ನು ಓದಿ ತೋರಿಸುತ್ತದೆ. ನೀಲಿ ಬಂದರೆ ಸದ್ಯಕ್ಕೆ ಸರಿ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಡಿಸ್ಕಿನ ಆಸೆ ಬಿಡಿ. ಬಣ್ಣದ ಜೊತೆಗೆ ಸಾಲುಗಳನ್ನೂ ನೋಡಿ. 05 ಎಂಬ ಸಾಲಿನಲ್ಲಿ ಬದಲಿ ಜಾಗಕ್ಕೆ ದಾಟಿಸಿದ ಕೆಟ್ಟ ಸೆಕ್ಟರುಗಳ, ಎಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ ಲೆಕ್ಕ ಇರುತ್ತದೆ. ಸಿ5 ಎಂದರೆ ಓದಲಾಗದೆ ಬಾಕಿ ಉಳಿದವು. ಇವೆರಡರ ಕೊನೆಯ ಅಂಕಣ ಸೊನ್ನೆಯಾಗಿರಬೇಕು. ಸಿ5 ವಾರದಿಂದ ವಾರಕ್ಕೆ ಏರುತ್ತಿದ್ದರೆ ಚರ್ಚೆ ಬೇಡ, ಡಿಸ್ಕ್ ಬದಲಿಸಿ. ಸಿ7 ಎಂಬ ಸಾಲು ಮಾತ್ರ ಏರಿದ್ದರೆ ಖುಷಿ ಪಡಿ. ಅದು ಹೆಚ್ಚಾಗಿ ಡಿಸ್ಕಿನ ತಪ್ಪಲ್ಲ, ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಟಾ ಕೇಬಲಿನ ತಪ್ಪು. ಹೊಸ ಕೇಬಲ್ ಹಾಕಿ. ಹಳೆಯ ಲೆಕ್ಕ ಅಳಿಯುವುದಿಲ್ಲ, ಆದರೆ ಅಲ್ಲಿಂದ ಮುಂದೆ ಏರಬಾರದು.

ಟಾಸ್ಕ್ ಮ್ಯಾನೇಜರಿನಲ್ಲೂ ಒಂದು ಸುಳಿವಿದೆ. ಪರ್ಫಾರ್ಮೆನ್ಸ್ ಎಂಬಲ್ಲಿ ಡಿಸ್ಕ್ ಆರಿಸಿ. ಡಿಸ್ಕ್ 100% ತೋರಿಸಿದ ಮಾತ್ರಕ್ಕೆ ಹೆದರಬೇಡಿ. ಹಾರ್ಡ್ ಡಿಸ್ಕ್ ಇರುವ ವಿಂಡೋಸ್ 10 ಆನ್ ಆದ ಸ್ವಲ್ಪ ಹೊತ್ತು ಹಾಗೇ ತೋರಿಸುತ್ತದೆ. 100% ಇದೆ, ಆದರೆ ಓದುವ ವೇಗ ಸೊನ್ನೆಯ ಹತ್ತಿರ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಎಂದಿದ್ದರೆ ಡಿಸ್ಕ್ ಉಸಿರು ಕಟ್ಟಿ ಕೂತಿದೆ. ವಿಂಡೋಸ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆಯಲು ಬಂದರೆ ಸಿಸ್ಟಮ್ ಎಂಬ ದಾಖಲೆಯಲ್ಲಿ ಡಿಸ್ಕ್ ಹೆಸರಿನ 7 ಅಥವಾ 153 ಸಂಖ್ಯೆಯ ಸಾಲುಗಳಿವೆಯೇ ನೋಡಿ. 7 ಎಂದರೆ ಕೆಟ್ಟ ಜಾಗ ಸಿಕ್ಕಿತು, 153 ಎಂದರೆ ಒಮ್ಮೆ ಕೇಳಿ ಬಾರದೆ ಮತ್ತೆ ಕೇಳಬೇಕಾಯಿತು. ಅಲ್ಲೇ ಕರ್ನಲ್ ಪವರ್ 41 ಎಂಬ ಕೆಂಪು ಸಾಲು ರಾಶಿ ಬಿದ್ದಿರುತ್ತದೆ. ಅದನ್ನು ನೋಡಿ ಒಳಗಿನ ಪವರ್ ಸಪ್ಲೈ ಡಬ್ಬಿ, ಎಂದರೆ ಎಸ್‌ಎಂಪಿಎಸ್ ಬದಲಿಸಿದವರಿದ್ದಾರೆ! ಅದರ ಅರ್ಥ ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್ ಡೌನ್ ಆಗಿರಲಿಲ್ಲ. ಪವರ್ ಬಟನ್ ಒತ್ತಿ ಹಿಡಿದವರು ನೀವೇ ಅಲ್ವಾ?

ಡಿಸ್ಕ್ ಬದಲಿಸುವುದಾದರೆ ಮತ್ತೆ ತಿರುಗುವ ಡಿಸ್ಕ್ ಬೇಡ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿ. 240 ಅಥವಾ 256 ಜಿಬಿ ಸಾಕು. ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್. ವಿಂಡೋಸ್ 10 ತನಗೇ 2 ಜಿಬಿ ಆಸುಪಾಸು ತಿನ್ನುತ್ತದೆ. ಕ್ರೋಮ್‌ನಲ್ಲಿ ಆರು ಪುಟ ತೆರೆದರೆ ಉಳಿದದ್ದೂ ಖಾಲಿ. ಆಮೇಲೆ ಅದು ರ‍್ಯಾಮಿನಲ್ಲಿ ಇಡಬೇಕಾದ್ದನ್ನು ಡಿಸ್ಕಿನಲ್ಲಿ ಇಟ್ಟು ತೆಗೆದು ಮಾಡುತ್ತದೆ. ತಿರುಗುವ ಡಿಸ್ಕ್ ಹುಡುಕಿ ತರುವುದರಲ್ಲಿ ರ‍್ಯಾಮಿಗಿಂತ ಸಾವಿರಾರು ಪಟ್ಟು ನಿಧಾನ. ಡಿಸ್ಕ್ ಆರೋಗ್ಯವಾಗಿದ್ದರೂ ಹ್ಯಾಂಗ್ ಆದ ಹಾಗೇ ಕಾಣುತ್ತದೆ. ಈ ಎರಡು ಬದಲಾವಣೆಯಿಂದ ನಿಮ್ಮ ಕಂಪ್ಯೂಟರ್ ಲೆಕ್ಕ ಬರೆಯಲು, ನೆಟ್ ನೋಡಲು ಧಾರಾಳ ಸಾಕಾಗುತ್ತದೆ.

ಈಗ ಎರಡನೆಯದು, ಮೌಸ್ ಕಲ್ಲಾಗುವುದು. ಇದರ ಜೊತೆ ಕ್ಯಾಪ್ಸ್ ದೀಪವೂ ಸತ್ತಿದ್ದರೆ ನನ್ನ ಮೊದಲ ಅನುಮಾನ ರ‍್ಯಾಮ್, ಅದೂ ರ‍್ಯಾಮ್ ಕೂತ ಜಾಗ. ನಮ್ಮ ಜಿಲ್ಲೆಯ ಮಳೆಗಾಲ ನಿಮಗೆ ಹೇಳಬೇಕೇ? ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ, ಹಪ್ಪಳ ಡಬ್ಬದಲ್ಲೇ ಮೆತ್ತಗಾಗುತ್ತದೆ. ಕಂಪ್ಯೂಟರ್ ಒಳಗಿನ ಧೂಳು ಆ ತೇವ ಕುಡಿದು ಹಸಿ ಮಣ್ಣಿನ ಹಾಗಾಗುತ್ತದೆ. ರ‍್ಯಾಮಿನ ಹಳದಿ ಹಲ್ಲುಗಳ ಮೇಲೆ ತೆಳ್ಳಗೆ ಕಿಲುಬು ಕೂತು, ಒಂದು ಹಲ್ಲಿನ ಸಂಪರ್ಕ ಕ್ಷಣಮಾತ್ರ ತಪ್ಪಿದರೂ ಇಡೀ ಮಷಿನ್ ನಿಲ್ಲುತ್ತದೆ. ಕಾರವಾರ, ಅಂಕೋಲಾ, ಕುಮಟೆಯಲ್ಲಿ ಸಮುದ್ರದ ಪಕ್ಕದ ಮನೆಗಳಲ್ಲಿ ಇದು ಇನ್ನೂ ಜೋರು. ಅಲ್ಲಿ ಉಪ್ಪು ಗಾಳಿ. ಡಬ್ಬದ ಸ್ಕ್ರೂ ಬಿಚ್ಚಲು ಹೋದರೆ ತುಕ್ಕಿಗೆ ತಲೆಯೇ ಸವೆದಿರುತ್ತದೆ.

ನಮ್ಮಲ್ಲಿ ಒಂದು ತಮಾಷೆ ಇದೆ. ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ತಂದ ಕಂಪ್ಯೂಟರ್ ಅರ್ಧ ರಿಪೇರಿ ಆಗಿಯೇ ಬಂದಿರುತ್ತದೆ ಎಂದು. ಬೈಕಿನಲ್ಲಿ ಕುಲುಕಿ ಕುಲುಕಿ ರ‍್ಯಾಮ್ ಸ್ವಲ್ಪ ಅಲುಗಾಡಿ, ಸಂಪರ್ಕ ತಾನೇ ಸರಿಯಾಗಿರುತ್ತದೆ. ಅಂಗಡಿಯಲ್ಲಿ ಎರಡು ದಿನ ಓಡಿಸಿದರೂ ಹ್ಯಾಂಗ್ ಆಗುವುದಿಲ್ಲ. ಏನೂ ಆಗಿಲ್ಲ ಎಂದು ವಾಪಸ್ ಕೊಟ್ಟರೆ, ಮನೆಯಲ್ಲಿ ವಾರದೊಳಗೆ ಮತ್ತೆ ಶುರು. ತಂದವರಿಗೆ ನಾವು ಸುಳ್ಳುಗಾರರು, ನಮಗೆ ಅವರು. ಅಂಗಡಿಯಲ್ಲಿ ಸರಿ ಇದ್ದದ್ದು ಮನೆಯಲ್ಲಿ ಯಾಕೆ ಕೆಡುತ್ತದೆ ಎಂದು ಕೇಳುವವರಿಗೆ ಅರ್ಧ ಉತ್ತರ ಇದು.

ಇದನ್ನು ನೀವೇ ಮಾಡಬಹುದು. ಶಟ್ ಡೌನ್ ಮಾಡಿ, ಗೋಡೆಯಿಂದ ಪ್ಲಗ್ ಕೀಳಿ. ಪ್ಲಗ್ ಇಲ್ಲದೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಪಕ್ಕದ ತಗಡು ತೆಗೆಯಿರಿ. ಒಳಗೆ ಕೈ ಹಾಕುವ ಮೊದಲು ಡಬ್ಬದ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ. ರ‍್ಯಾಮಿನ ತುದಿಯ ಚಿಲಕ ಹೊರಗೆ ತಳ್ಳಿದರೆ ಅದು ಮೇಲೆ ಏಳುತ್ತದೆ. ಅಂಚಿನಲ್ಲಿ ಹಿಡಿದು, ಹಳದಿ ಹಲ್ಲುಗಳ ಮೇಲೆ ಮೆತ್ತನೆಯ ಬಿಳಿ ರಬ್ಬರಿನಿಂದ ಎರಡೂ ಬದಿ ಹಗುರವಾಗಿ ಉಜ್ಜಿ. ಗಟ್ಟಿ ಇಂಕ್ ರಬ್ಬರ್ ಬೇಡ, ಅದು ಚಿನ್ನದ ಲೇಪವನ್ನೇ ಕೆರೆಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕಿದರೆ ರಬ್ಬರಿಗಿಂತ ಅದೇ ಒಳ್ಳೆಯದು. ರಬ್ಬರಿನ ಪುಡಿ ಪೂರ್ತಿ ಒರೆಸಿ, ಮರಳಿ ಕೂರಿಸಿ. ಟಕ್ ಎಂದು ಚಿಲಕ ತಾನೇ ಮುಚ್ಚುವ ತನಕ ಒತ್ತಬೇಕು. ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ಅದರಲ್ಲಿ ಹಾಕಿ ಕೆಲವು ದಿನ ನೋಡಿ. ಆಮೇಲೂ ಅನುಮಾನ ಇದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್ ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ತಪ್ಪು ಬಂದರೂ ಸ್ಲಾಟ್ ಬದಲಿಸಿ ಮತ್ತೆ ಓಡಿಸಿ. ಎರಡೂ ಕಡೆ ಬಂದರೆ ಆ ರ‍್ಯಾಮ್ ಕೈಬಿಡಿ.

ತಗಡು ತೆಗೆದಾಗ ಇನ್ನೂ ಏನೇನು ಕಾಣುತ್ತದೆ ನೋಡಿ. ಎಸ್‌ಎಂಪಿಎಸ್ ಒಳಗೆ ಸತ್ತ ಹಲ್ಲಿ, ಬೋರ್ಡಿನ ಮೂಲೆಯಲ್ಲಿ ಇರುವೆ ಗೂಡು, ಅಟ್ಟದ ಇಲಿ ಕಡಿದ ಕೇಬಲ್, ಎಲ್ಲವನ್ನೂ ನಾನು ಕಂಡಿದ್ದೇನೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ನಿಮ್ಮ ಕಡೆ ಇನ್ನೊಂದು ವಿಶೇಷ, ಅಡಿಕೆ ಬೇಯಿಸುವ ಒಲೆ. ಆ ಹೊಗೆಯ ಜಿಡ್ಡು ಮಸಿ ಫ್ಯಾನಿನ ರೆಕ್ಕೆಗೆ ಅಂಟಿದರೆ ಊದಿದರೂ ಹೋಗುವುದಿಲ್ಲ, ಬ್ರಷ್ ಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ಗಿರ್ರನೆ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ.

ಅರ್ಧ ಗಂಟೆ ಆದ ಮೇಲೆ ನಿಲ್ಲುತ್ತದೆ ಎಂದಿದ್ದೀರಿ. ಅದನ್ನು ಕೇಳಿದ ಕೂಡಲೇ ಬಿಸಿ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು, ಆದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಪ್ರೊಸೆಸರ್ ಜಾಸ್ತಿ ಕಾದರೆ ಮೊದಲು ತಾನೇ ವೇಗ ಇಳಿಸಿಕೊಳ್ಳುತ್ತದೆ, ಇನ್ನೂ ಕಾದರೆ ಮಷಿನ್ ಆಫ್ ಆಗುತ್ತದೆ. ಕಲ್ಲಾಗಿ ನಿಲ್ಲುವುದು ಕಡಿಮೆ. ಆದರೂ ಪರೀಕ್ಷೆಗೆ ಏನೂ ಖರ್ಚಿಲ್ಲ. ತಗಡು ತೆಗೆದೇ ಇಟ್ಟು, ಟೇಬಲ್ ಫ್ಯಾನ್ ಜೋರಾಗಿ ಒಳಕ್ಕೆ ಬೀಸುವ ಹಾಗೆ ಇಟ್ಟು ಕೆಲಸ ಮಾಡಿ. ಅರ್ಧ ಗಂಟೆ ಹೋಗಿ ಎರಡು ಗಂಟೆ ಆದರೆ ಬಿಸಿಯೇ ಕಾರಣ. ಆಗ ಪ್ರೊಸೆಸರ್ ಮೇಲಿನ ಫ್ಯಾನ್ ಹಿಡಿದು ಮೆಲ್ಲ ಅಲ್ಲಾಡಿಸಿ ನೋಡಿ. ಐ3 ಜೊತೆ ಡಬ್ಬಿಯಲ್ಲಿ ಬರುವ ಫ್ಯಾನನ್ನು ನಾಲ್ಕು ಪ್ಲಾಸ್ಟಿಕ್ ಕಾಲುಗಳು ಬೋರ್ಡಿಗೆ ಹಿಡಿದಿರುತ್ತವೆ. ಅದರಲ್ಲಿ ಒಂದು ಕಾಲು ಬಿಟ್ಟುಕೊಂಡು ಫ್ಯಾನ್ ಓರೆಯಾಗಿ ಕೂತಿರುವುದು ತೀರಾ ಸಾಮಾನ್ಯ. ಘಟ್ಟದ ದಾರಿ ರ‍್ಯಾಮಿಗೆ ಮಾಡುವ ಉಪಕಾರವನ್ನು ಇಲ್ಲಿ ವಸೂಲು ಮಾಡಿಕೊಳ್ಳುತ್ತದೆ. ಪ್ರೊಸೆಸರಿನ ಬಿಸಿಯನ್ನು ಫ್ಯಾನಿನ ಲೋಹಕ್ಕೆ ದಾಟಿಸುವ 2016ರ ಥರ್ಮಲ್ ಪೇಸ್ಟ್ ಇಷ್ಟರಲ್ಲಿ ಒಣಗಿ ಸುಣ್ಣವಾಗಿರುತ್ತದೆ. ಒರೆಸಿ ಹೊಸದು ಹಾಕಿ, ಒಂದು ಬಟಾಣಿಯಷ್ಟು ಸಾಕು.

ಕರೆಂಟಿನ ವಿಷಯ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ನಮ್ಮ ಜಿಲ್ಲೆಯಲ್ಲೇ ಇವೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟು. ಆದರೂ ಕಾಡಿನ ನಡುವೆ ಹಾದು ಬರುವ ತಂತಿಯ ಮೇಲೆ ಒಂದು ಮರ ಬಿದ್ದರೆ ಮುಗಿಯಿತು. ಅದಕ್ಕೆ ಯಾರನ್ನು ಬೈಯುವುದು ಮಾರಾಯ್ರೆ! ಕರೆಂಟಿನ ತೊಂದರೆಯಿಂದ ಕಂಪ್ಯೂಟರ್ ಹ್ಯಾಂಗ್ ಆಗುವುದಕ್ಕಿಂತ ತಟ್ಟನೆ ರೀಸ್ಟಾರ್ಟ್ ಆಗುವುದೇ ಜಾಸ್ತಿ. ನೀವು ರೀಸ್ಟಾರ್ಟ್ ಬಗ್ಗೆ ಬರೆದಿಲ್ಲ, ಹಾಗಾಗಿ ಇದನ್ನು ಪಟ್ಟಿಯಲ್ಲಿ ಕೆಳಗೆ ಇಡುತ್ತೇನೆ. ಆದರೂ ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮತ್ತು ನಾರ್ಮಲ್ ಎಂಬ ಗುಂಡಿ ಇದ್ದರೆ ಕಂಪ್ಯೂಟರಿಗಾಗಿ ಯುಪಿಎಸ್ ಕಡೆ ಇಡಿ. ಆಗ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಅದು ಬ್ಯಾಟರಿಗೆ ದಾಟುತ್ತದೆ, ದಾಟುವುದೂ ಬೇಗ. ನಾರ್ಮಲ್ ಕಡೆ ಇದ್ದರೆ ಸಂಜೆಯ ಮಂಕು ವೋಲ್ಟೇಜನ್ನು ಹಾಗೇ ಕಂಪ್ಯೂಟರಿಗೆ ಕೊಡುತ್ತದೆ.

ಡಬ್ಬ ಮುಟ್ಟಿದರೆ ಬರಿಗಾಲಿಗೆ ಜುಮ್ ಎನ್ನುತ್ತದೆಯೇ? ಹಾಗಿದ್ದರೆ ಮನೆಗೆ ಅರ್ತಿಂಗ್ ಇಲ್ಲ, ಅಥವಾ ಇದ್ದದ್ದು ಸತ್ತಿದೆ. ಎಸ್‌ಎಂಪಿಎಸ್ ಒಳಗಿನ ಚಿಕ್ಕ ಕೆಪ್ಯಾಸಿಟರುಗಳು ಸೋಸಿದ ಕರೆಂಟನ್ನು ಅರ್ತಿಗೆ ಬಿಡಬೇಕು. ಅರ್ತ್ ಇಲ್ಲದಿದ್ದರೆ ಅದು ಡಬ್ಬದ ಮೇಲೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನೆಲದಲ್ಲಿರುವ ಅರ್ತಿಂಗ್ ಗುಂಡಿ ನೋಡಿಸಿ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಬಹಳ ಒಣಗುತ್ತದೆ, ಆಗ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಗುಡುಗು ಕೇಳಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ, ನೆಟ್ ಕೇಬಲ್ ಕೂಡ ಕೀಳಿ. ಫೈಬರ್ ಬಂದಿದೆ, ಇನ್ನು ಸಿಡಿಲಿನ ಭಯ ಇಲ್ಲ ಎನ್ನುತ್ತಾರೆ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ನಿಜ. ಆದರೆ ಫೈಬರ್ ಬಂದು ಸೇರುವ ಮೋಡೆಮ್ ಪೆಟ್ಟಿಗೆಯ ಅಡಾಪ್ಟರ್ ಚುಚ್ಚಿರುವುದು ಅದೇ ಗೋಡೆಗೆ ತಾನೇ.

ಗಡಿಯಾರ ಹಿಂದೆ ಹೋಗುವುದು ಚಿಲ್ಲರೆ ವಿಷಯ. ಬೋರ್ಡಿನ ಮೇಲೆ ನಾಣ್ಯದ ಹಾಗಿನ 3 ವೋಲ್ಟಿನ ಸೆಲ್ ಇದೆ, ಸಿಆರ್ 2032 ಎಂದು ಕೇಳಿದರೆ ಕೊಡುತ್ತಾರೆ. ತಾರೀಖು ತಪ್ಪಿದ್ದರೆ ಬ್ಯಾಂಕಿನ ಸೈಟು ಸುರಕ್ಷಿತ ಅಲ್ಲ ಎಂದು ಬ್ರೌಸರ್ ಹೆದರಿಸುತ್ತದೆ, ಅದಕ್ಕೂ ಇದೇ ಕಾರಣ. ಹ್ಯಾಂಗಿಗೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ. ಇದನ್ನೇ ತೋರಿಸಿ ಮದರ್‌ಬೋರ್ಡ್ ಹೋಗಿದೆ ಎಂದಿದ್ದರೆ ನಂಬಬೇಡಿ.

ಸಾಫ್ಟ್‌ವೇರಿಗೆ ನಾನು ಕೊನೆಗೆ ಬರುತ್ತಿದ್ದೇನೆ, ಅದು ಬೇಕೆಂದೇ. ಹೊಸದಾಗಿ ಹಾಕಿದ ವಿಂಡೋಸ್ ಎಂಟು ದಿನದಲ್ಲಿ ಅದೇ ರೀತಿ ನಿಂತರೆ ಅನುಮಾನ ಮೊದಲು ಯಂತ್ರದ ಮೇಲೆ ಹೋಗಬೇಕು. ಎರಡು ಆ್ಯಂಟಿವೈರಸ್ ಒಟ್ಟಿಗೆ ಇದ್ದರೆ ಒಂದನ್ನು ತೆಗೆಯಿರಿ, ಎರಡೂ ಒಂದೇ ಫೈಲಿಗೆ ಕಿತ್ತಾಡುತ್ತವೆ. ಸಿ ಡ್ರೈವ್‌ನಲ್ಲಿ ಐದನೇ ಒಂದು ಭಾಗ ಖಾಲಿ ಇರಲಿ. ಮತ್ತೆ, ಶಟ್ ಡೌನ್ ಮಾಡಿ ಆನ್ ಮಾಡುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಅಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದ ಶಟ್ ಡೌನ್ ಮಾಡಿದರೂ ವಿಂಡೋಸಿನ ಒಳಭಾಗ ಅರ್ಧ ನಿದ್ದೆಯಲ್ಲೇ ಇರುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಒತ್ತಿದಾಗ. ಲಿನಕ್ಸ್ ಪೆನ್ ಡ್ರೈವ್‌ನಿಂದ ಒಂದು ಸಂಜೆ ಪೂರ್ತಿ ಓಡಿಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಅಲ್ಲೂ ಕಲ್ಲಾದರೆ ವಿಂಡೋಸ್ ನಿರಪರಾಧಿ.

ಇನ್ನೊಂದು ಲೆಕ್ಕವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನಲ್ಲಿ 8ನೇ ಪೀಳಿಗೆ ಮತ್ತು ಅದರ ನಂತರದ್ದು, 2016ರ ನಿಮ್ಮ ಐ3 ಅದಕ್ಕೆ ಸಲ್ಲುವುದಿಲ್ಲ. ಹಾಗೆಂದು ಕಂಪ್ಯೂಟರ್ ಗುಜರಿಗೆ ಹಾಕಬೇಕಿಲ್ಲ. ಲೆಕ್ಕವು ನುಡಿ ಎಂಬ ಕನ್ನಡ ತಂತ್ರಾಂಶದಲ್ಲೋ ಟ್ಯಾಲಿಯಲ್ಲೋ ಇದ್ದರೆ ವಿಂಡೋಸ್ ಇಟ್ಟುಕೊಳ್ಳಿ, ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಮಾಡಬೇಡಿ. ಬರೀ ನೆಟ್ ಮತ್ತು ಫೋಟೋ ಸಾಕು ಎಂದರೆ ಲಿನಕ್ಸ್ ಮಿಂಟ್ ಹಾಕಿ, ಕನ್ನಡ ಟೈಪ್ ಮಾಡಲಿಕ್ಕೂ ಬರುತ್ತದೆ.

ಮದರ್‌ಬೋರ್ಡ್ ಹೋಗಿರುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನುವುದಿಲ್ಲ. ಪ್ರೊಸೆಸರ್ ಸುತ್ತ ನಿಂತ ಚಿಕ್ಕ ಡಬ್ಬಿಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಬೋರ್ಡ್ ಮೇಲೆ ಅನುಮಾನ ಪಡಿ. ಡಿಸ್ಕ್, ಕೇಬಲ್, ರ‍್ಯಾಮ್, ಎಸ್‌ಎಂಪಿಎಸ್ ಒಂದೊಂದಾಗಿ ಬದಲಿಸಿ ನೋಡಿದ ಮೇಲೂ ನಿಂತರೆ ಮಾತ್ರ ಬೋರ್ಡ್ ಎನ್ನಬೇಕು. ಬದಲಿಸಿ ನೋಡದೆ ಹೇಳಿದ್ದು ಬರೀ ಊಹೆ.

ಮಳೆ ಕಳೆಯುವ ತನಕ ದಿನಕ್ಕೆ ಒಂದು ಗಂಟೆ ಸುಮ್ನೆ ಆನ್ ಮಾಡಿ ಇಡಿ, ತನ್ನ ಬಿಸಿಗೆ ತಾನೇ ಒಣಗುತ್ತದೆ. ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಸ್ವಲ್ಪ ಈಚೆ ಇಡಿ. ಆನ್ ಇದ್ದಾಗ ಬಟ್ಟೆ ಹೊದೆಸಬೇಡಿ.

ಮುಂದಿನ ಸಲ ಹ್ಯಾಂಗ್ ಆದಾಗ ಕ್ಯಾಪ್ಸ್ ಲಾಕ್ ದೀಪ ಏನು ಮಾಡಿತು, ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಸಿ5 ಎಷ್ಟಿತ್ತು, ಇವೆರಡನ್ನು ಬರೆದು ಕಳಿಸಿ. ಅಷ್ಟು ತಿಳಿದರೆ ಏನು ಬದಲಿಸಬೇಕು ಎಂದು ನೆಟ್ಟಗೆ ಹೇಳಬಲ್ಲೆ. ಅಷ್ಟರೊಳಗೆ ಮತ್ತೆ ಅಂಗಡಿಗೆ ಒಯ್ಯುವ ಹಾಗಾದರೆ, ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟು ಉಳಿದ ಡಬ್ಬ ಮಾತ್ರ ಒಯ್ಯಿರಿ. ಬೋರ್ಡ್ ಪರೀಕ್ಷೆಗೆ ಅವರ ಡಿಸ್ಕೇ ಸಾಕು.